ಕೇಳದೆ ಬಂದ ಮೂವತ್ತು ಪೌಂಡು

ಹೋದ ವಾರ ಬಂದ ಇಂಟರ್ನೆಟ್ ಬಿಲ್ಲನ್ನು ಎರಡು ಸಲ ಓದಿದೆ. ನಾನಿರುವುದು ಇಂಗ್ಲೆಂಡಿನ ರೆಡಿಂಗಿನಲ್ಲಿ. ತಿಂಗಳಿಗೆ ಕಟ್ಟುವುದು 27 ಪೌಂಡ್. ಈ ತಿಂಗಳು ಕಟ್ಟಬೇಕಾದದ್ದು ಸೊನ್ನೆ. ಅಷ್ಟೇ ಅಲ್ಲ, ಮೂರು ಪೌಂಡ್ ಚಿಲ್ಲರೆ ಮುಂದಿನ ತಿಂಗಳ ಲೆಕ್ಕಕ್ಕೆ ಜಮೆಯಾಗಿತ್ತು. ಕೆಳಗೆ ಒಂದೇ ಸಾಲಿನ ವಿವರ: ಸೇವೆ ನಿಂತಿದ್ದ ದಿನಗಳಿಗೆ ಪರಿಹಾರ.

ಈ ಪರಿಹಾರವನ್ನು ನಾನು ಕೇಳಿರಲಿಲ್ಲ. ಜೂನ್ ಕೊನೆಯಲ್ಲಿ ಮನೆ ಮನೆಗೆ ತಂತಿ ಹಂಚುವ, ನಮ್ಮ ಬೀದಿ ಮೂಲೆಯ ಹಸಿರು ಪೆಟ್ಟಿಗೆಗೆ ಯಾವುದೋ ವ್ಯಾನು ಗುದ್ದಿತ್ತು. ಒಂದು ಶುಕ್ರವಾರ ಸಂಜೆ ಹೋದ ನೆಟ್ ಮುಂದಿನ ಶುಕ್ರವಾರ ಬಂತು. ನಾನು ಮಾಡಿದ್ದು ಒಂದೇ ಫೋನು, ನೆಟ್ ಇಲ್ಲ ಅಂತ ಹೇಳಿದ್ದು. ಆಮೇಲೆ ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ. ಮೊದಲ ಎರಡು ಪೂರ್ತಿ ಕೆಲಸದ ದಿನ ಬಿಟ್ಟು, ಉಳಿದ ದಿನಗಳನ್ನು ಎಣಿಸಿ, ದಿನಕ್ಕೆ ಸುಮಾರು 10 ಪೌಂಡಿನಂತೆ ತಾವಾಗಿಯೇ ಕೊಟ್ಟಿದ್ದರು. ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ದುಡ್ಡು ವಾಪಸ್ ಬಂದಿತ್ತು.

ಖುಷಿಯಾಯಿತು. ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ.

ಸಂಜೆ ಊರಿಂದ ಅಣ್ಣ ಫೋನ್ ಮಾಡಿದ. ವಿಡಿಯೋ ಅಲ್ಲ, ಬರೀ ಮಾತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆ. ಪುನರ್ವಸು ಮಳೆ ಹಿಡಿದು ಹನ್ನೊಂದು ದಿನದಿಂದ ನೆಟ್ ಇರಲಿಲ್ಲವಂತೆ. ಅತ್ತಿಗೆ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾಳೆ. ಹನ್ನೊಂದು ದಿನವೂ ಅವಳು ಲ್ಯಾಪ್‌ಟಾಪ್ ಹೊತ್ತು, ಕೊಡೆ ಹಿಡಿದು, ಮೊಬೈಲ್ ಸಿಗ್ನಲ್ ಸಿಗುವ ಗುಡ್ಡದ ಮೇಲಿನ ನೆಂಟರ ಮನೆಗೆ ಹೋಗಿ ಕೂತಿದ್ದಾಳೆ. ಅಪ್ಪಯ್ಯನಿಗೆ ಮೊಮ್ಮಗಳ ಮುಖ ಕಾಣದೆ ಎರಡು ಭಾನುವಾರ ಕಳೆದಿವೆ.

"ದೂರು ಕೊಟ್ಟಿಲ್ವಾ ಅಣ್ಣ?" ಅಂದೆ.

"ಕೊಡದೆ ಎಂತ? ಮೂರು ಸಲ ಕೊಟ್ಟೆ. ಮೂರು ಸಲವೂ ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜ್ ಬಂತು. ಮನೆಯ ಮೊಡೆಮ್ ನೋಡಿದರೆ ಕೆಂಪು ಲೈಟ್ ಹಾಗೇ ಉರೀತಿದೆ."

"ಹನ್ನೊಂದು ದಿನದ ದುಡ್ಡು ವಾಪಸ್ ಕೇಳು."

ಅಣ್ಣ ಒಂದು ಕ್ಷಣ ಸುಮ್ಮನಾದ. ಆಮೇಲೆ ಅಂದ: "ಆರು ತಿಂಗಳದ್ದು ಒಟ್ಟಿಗೇ ಕಟ್ಟಿಯಾಗಿದೆ ಮಾರಾಯ. ಇನ್ನೂರು ಇನ್ನೂರೈವತ್ತು ರೂಪಾಯಿಗೆ ಯಾರು ಜಗಳ ಮಾಡ್ತಾರೆ, ಬಿಡು."

ಆ "ಬಿಡು" ನನಗೆ ಚುಚ್ಚಿತು. ಅಣ್ಣನ ಮೇಲೆ ಸಿಟ್ಟಲ್ಲ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಮ್ಮ ಕಡೆ ಹುಟ್ಟಿ ಬೆಳೆದ ಎಲ್ಲರ ಬಾಯಲ್ಲೂ ಬರುವ ಮಾತು ಅದು. ಕರೆಂಟ್ ಹೋದರೂ ಬಿಡು, ಬಸ್ಸು ತಪ್ಪಿದರೂ ಬಿಡು, ಕಟ್ಟಿದ ದುಡ್ಡಿಗೆ ಸೇವೆ ಸಿಗದಿದ್ದರೂ ಬಿಡು. ಇಲ್ಲಿ ರೆಡಿಂಗ್ ಊರಿನಲ್ಲಿ ಹದಿನಾಲ್ಕು ವರ್ಷ ಇದ್ದ ಮೇಲೆ ಆ ಮಾತು ಕಿವಿಗೆ ಬೇರೆಯದೇ ರೀತಿ ಕೇಳಿಸುತ್ತದೆ.

ಇಲ್ಲಿಯವರು ಹುಟ್ಟಾ ಒಳ್ಳೆಯವರು, ಇಲ್ಲಿನ ಕಂಪನಿಗಳು ಧರ್ಮಾತ್ಮರು ಅಂತ ನಾನು ನಂಬಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ನೆಟ್ ಇಲ್ಲದ ಆ ವಾರ ಬೇಲಿಯ ಆಚೆ ನಿಂತು ಅವರು ಹಳೆಯ ಕಥೆ ಹೇಳಿದರು. 1990ರ ದಶಕದ ಕೊನೆಯಲ್ಲಿ ಇವರ ಮನೆಯಲ್ಲಿ ನೆಟ್ ಅಂದರೆ ಫೋನ್ ಲೈನಿನ ಡಯಲ್ ಅಪ್. ನಿಮಿಷಕ್ಕಿಷ್ಟು ಅಂತ ದುಡ್ಡು. ಹಗಲು ಹೊತ್ತು ನಿಮಿಷಕ್ಕೆ ಸುಮಾರು 4 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್), ಸಂಜೆ ಆರರ ಮೇಲೆ ಕಡಿಮೆ, ಶನಿವಾರ ಭಾನುವಾರ 1 ಪೆನ್ನಿ. ಮಗ ಸಂಜೆ ಆರು ಹೊಡೆಯುವುದನ್ನೇ ಕಾಯುತ್ತಿದ್ದನಂತೆ. ಫೋನಿನ ಪಕ್ಕ ಅಡುಗೆ ಮನೆಯ ಟೈಮರ್ ಇಟ್ಟು, ಇಪ್ಪತ್ತು ನಿಮಿಷಕ್ಕೆ ಅದು ಕಿರುಚಿದರೆ ಎದ್ದು ಬರಬೇಕು ಅಂತ ಮನೆಯ ನಿಯಮ.

ಕೇಳುತ್ತಾ ಕೇಳುತ್ತಾ ನನಗೆ ನಮ್ಮದೇ ಮನೆ ಕಣ್ಣೆದುರು ಬಂತು. ಬಿಎಸ್‌ಎನ್‌ಎಲ್‌ನ ಡಯಲ್ ಅಪ್ ನೆಟ್ ಸಂಚಾರ್‌ನೆಟ್ ಕಾಲ ಅದು. ಮೊಡೆಮ್ ಕರ್ರೋ ಅಂತ ಕೂಗಿ ಸೇರಿಕೊಳ್ಳುವಷ್ಟರಲ್ಲಿ ಅಪ್ಪಯ್ಯ ಜಗಲಿಯಿಂದಲೇ ಕೇಳುತ್ತಿದ್ದರು, "ಎಷ್ಟು ಹೊತ್ತು ಇನ್ನೂ?" ನೆಟ್‌ಗೆ ಬೇರೆ ದುಡ್ಡು, ಫೋನ್ ಕಾಲ್‌ಗೆ ಬೇರೆ ದುಡ್ಡು. ಆಮೇಲೆ ನಾನು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡೆ. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಅನ್ನುವ ಬ್ರಾಡ್‌ಬ್ಯಾಂಡ್ ಶುರು ಮಾಡಿತ್ತು. ನಮ್ಮದು ಹಗಲಿಗೆ ಮಿತಿ ಇದ್ದ, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಿತಿ ಇಲ್ಲದ ಪ್ಲಾನು. ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಡೌನ್‌ಲೋಡ್ ಹಾಕಿ, ಮತ್ತೆ ಮಲಗುತ್ತಿದ್ದೆವು. ಆ ಹೊತ್ತಿನಲ್ಲಿ ರೂಮಿನ ಕಿಟಕಿಯಿಂದ ನೋಡಿದರೆ ಎದುರು ಬಿಲ್ಡಿಂಗಿನಲ್ಲೂ ಎರಡು ಮೂರು ಲೈಟ್ ಹತ್ತುತ್ತಿದ್ದವು. ಅವರೂ ಅದಕ್ಕೇ ಎದ್ದವರು ಅಂತ ನನಗೆ ಗೊತ್ತಿತ್ತು.

ಗಡಿಯಾರ ನೋಡದೆ, ತಿಂಗಳಿಗೆ ಇಷ್ಟು ಅಂತ ಕಟ್ಟಿ ನೆಟ್ ಬಳಸಬೇಕು ಅನ್ನುವ ಆಸೆ ಇಲ್ಲೂ ಅಲ್ಲೂ ಒಂದೇ ಇತ್ತು. ಅದು ಕೈಗೆ ಬಂದ ದಾರಿ ಮಾತ್ರ ಎರಡು ಕಡೆ ಬೇರೆ ಬೇರೆಯಾಯಿತು. ನನ್ನ ತಕರಾರು ಇರುವುದು ಆ ದಾರಿಯ ಬಗ್ಗೆ.

ಬ್ರಿಟನ್ನಿನಲ್ಲಿ ಸರ್ಕಾರದ ಫೋನ್ ಕಂಪನಿ ಬಿಟಿ (ಬ್ರಿಟಿಷ್ ಟೆಲಿಕಾಂ) 1984ರಲ್ಲಿ ಖಾಸಗಿಯಾಯಿತು. ಅದೇ ವರ್ಷ ಅದರ ಮೇಲೆ ಕಣ್ಣಿಡಲು ಆಫ್‌ಟೆಲ್ ಅನ್ನುವ ಸಂಸ್ಥೆ ಹುಟ್ಟಿತು. ಹೆಸರಿಗೆ ಪೈಪೋಟಿ ಇತ್ತು, ಆದರೆ ಹೆಚ್ಚಿನ ಮನೆಗಳಿಗೆ ಹೋಗುವ ತಂತಿ ಬಿಟಿಯದೇ. 1998ರಲ್ಲಿ ಫ್ರೀಸರ್ವ್ ಅನ್ನುವ ನೆಟ್ ಕಂಪನಿ ಬಂದು ತಿಂಗಳ ಶುಲ್ಕ ಬೇಡ ಅಂದಿತು. ನಿಮಿಷದ ದುಡ್ಡು ಮಾತ್ರ ತಪ್ಪಲಿಲ್ಲ. ಆಗ ಇಲ್ಲಿನ ಜನ ಗಲಾಟೆ ಮಾಡಿದರು. ಮೀಟರ್ ಇಲ್ಲದ ನೆಟ್ ಬೇಕು ಅಂತಲೇ ಒಂದು ಚಳವಳಿ ನಡೆಯಿತು. 2000ನೇ ಇಸವಿಯ ಮಾರ್ಚ್‌ನಲ್ಲಿ ಆಲ್ಟಾವಿಸ್ಟಾ ಕಂಪನಿ ಮೀಟರ್ ಇಲ್ಲದ ನೆಟ್ ಕೊಡುತ್ತೇವೆ ಅಂತ ದೊಡ್ಡದಾಗಿ ಸಾರಿತು. ಆಗಸ್ಟ್ ಹೊತ್ತಿಗೆ ಕೊಡಲು ಆಗುವುದಿಲ್ಲ ಅಂತ ಕೈಚೆಲ್ಲಿತು.

ಯಾಕೆ ಆಗಲಿಲ್ಲ ಅನ್ನುವುದನ್ನು ನೋಡಬೇಕು. ಗ್ರಾಹಕನಿಗೆ ತಿಂಗಳಿಗೆ ಇಷ್ಟೇ ಅಂತ ಮಾರಬೇಕಾದರೆ, ಮಾರುವವನಿಗೂ ಸಗಟು ದರ ತಿಂಗಳಿಗೆ ಇಷ್ಟೇ ಅಂತ ಸಿಗಬೇಕು. ಇಲ್ಲಿ ಹಾಗಿರಲಿಲ್ಲ. ಉಳಿದ ಕಂಪನಿಗಳು ಬಿಟಿಗೆ ನಿಮಿಷದ ಲೆಕ್ಕದಲ್ಲೇ ಕೊಡಬೇಕಿತ್ತು. ಊಟ ಮಾಡುವವನಿಂದ ಒಂದೇ ರೇಟು ತಗೊಂಡು, ಅಕ್ಕಿ ಅಂಗಡಿಗೆ ತುತ್ತಿನ ಲೆಕ್ಕದಲ್ಲಿ ಕಟ್ಟುವ ಹೋಟೆಲಿನ ಗತಿ. ಜನ ಹೆಚ್ಚು ಹೊತ್ತು ನೆಟ್ ನೋಡಿದಷ್ಟೂ ಕಂಪನಿಗೆ ನಷ್ಟ. ಎಂಸಿಐ ವರ್ಲ್ಡ್‌ಕಾಮ್ ಅನ್ನುವ ಎದುರಾಳಿ ಕಂಪನಿ ಈ ಜಗಳವನ್ನು ಆಫ್‌ಟೆಲ್ ಮುಂದೆ ಒಯ್ದಿತು. 2000ದ ಮೇ ತಿಂಗಳಲ್ಲಿ ಆಫ್‌ಟೆಲ್ ಬಿಟಿಗೆ ಹೇಳಿತು: ನಿಮಿಷ ಎಣಿಸಬೇಡ, ಎಷ್ಟು ಸಾಮರ್ಥ್ಯ ಬೇಕೋ ಅಷ್ಟಕ್ಕೆ ಒಂದು ದರ ಕಟ್ಟಿ ಎದುರಾಳಿಗಳಿಗೂ ಮಾರು. ಆ ವ್ಯವಸ್ಥೆಗೆ ಫ್ರಿಯಾಕೊ ಅಂತ ಹೆಸರು. ಇವತ್ತು ಯಾರಿಗೂ ಆ ಹೆಸರು ನೆನಪಿಲ್ಲ. ಮೇಷ್ಟ್ರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು, ಯಾವುದೋ ಒಂದು ದಿನ ಆ ಟೈಮರ್ ಮತ್ತೆ ಅಡುಗೆ ಮನೆಗೇ ಹೋಯಿತು ಅನ್ನುವುದು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಮನೆ ಮನೆಯ ತಾಮ್ರದ ತಂತಿಯನ್ನೇ ಬೇರೆ ಕಂಪನಿಗಳಿಗೆ ಬಾಡಿಗೆಗೆ ಬಿಡಬೇಕು ಅಂತ ನಿಯಮ ಬಂತು. ಆದರೆ ತಂತಿಯ ಒಡೆಯನೇ ಅಂಗಡಿಯನ್ನೂ ಇಟ್ಟಿದ್ದರೆ ಎದುರಾಳಿಗೆ ತಂತಿ ಕೊಡುವಾಗ ಕೈ ಹಿಂದೆ ಬರುತ್ತದೆ, ಅಲ್ವಾ? ಅದಕ್ಕೆ ಆಫ್‌ಟೆಲ್ ಜಾಗಕ್ಕೆ ಬಂದ ಆಫ್‌ಕಾಮ್ ಪಟ್ಟು ಹಿಡಿಯಿತು. 2006ರಲ್ಲಿ ತಂತಿ ನೋಡಿಕೊಳ್ಳುವ ವಿಭಾಗ ಓಪನ್‌ರೀಚ್ ಅಂತ ಬೇರೆಯಾಯಿತು. ಇವತ್ತು ನಮ್ಮ ಬೀದಿಯಲ್ಲಿ ಒಂದೇ ಹಸಿರು ಪೆಟ್ಟಿಗೆ. ಅದರ ಮೇಲೆ ನನಗೊಬ್ಬ ನೆಟ್ ಕೊಡುತ್ತಾನೆ, ಮೇಷ್ಟ್ರಿಗೆ ಇನ್ನೊಬ್ಬ, ಎದುರು ಮನೆಯ ನರ್ಸ್‌ಗೆ ಮತ್ತೊಬ್ಬ. ವ್ಯಾನು ಗುದ್ದಿದಾಗ ಮೂವರಿಗೂ ನೆಟ್ ಹೋಯಿತು. ರಿಪೇರಿಗೆ ಬಂದದ್ದು ಒಂದೇ ವ್ಯಾನು.

ನಮ್ಮಲ್ಲೂ ಈ ದಾರಿ ತೆರೆದಿತ್ತು ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. 2004ರ ಏಪ್ರಿಲ್‌ನಲ್ಲಿ ಟ್ರಾಯ್, ಅಂದರೆ ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ತನ್ನ ಶಿಫಾರಸಿನಲ್ಲಿ ಸ್ಪಷ್ಟವಾಗಿ ಹೇಳಿತ್ತು, ಬಿಎಸ್‌ಎನ್‌ಎಲ್ ಮತ್ತು ದಿಲ್ಲಿ ಮುಂಬೈಯ ಎಂಟಿಎನ್‌ಎಲ್‌ಗಳ ಮನೆ ಮನೆಯ ತಂತಿಯನ್ನು ಉಳಿದವರಿಗೂ ತೆರೆಯಿರಿ ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂತು. 256 ಕೆಬಿಪಿಎಸ್ ವೇಗ ಇದ್ದರೆ ಬ್ರಾಡ್‌ಬ್ಯಾಂಡ್ ಅನ್ನಬಹುದು ಅಂತ ಅದರಲ್ಲಿತ್ತು. ತಂತಿ ತೆರೆಯಲೇಬೇಕು ಅನ್ನುವ ಕಡ್ಡಾಯ ಇರಲಿಲ್ಲ. ಬೇಕಾದರೆ ನೀವು ನೀವೇ ಮಾತಾಡಿಕೊಂಡು ವ್ಯವಹಾರ ಮಾಡಿಕೊಳ್ಳಿ ಅಂತ ಬಿಟ್ಟರು.

ಆಗ ಮಲೆನಾಡಿನ ಎಷ್ಟೊಂದು ಮನೆಗಳಿಗೆ ಲ್ಯಾಂಡ್‌ಲೈನ್ ತಂತಿ ಇತ್ತು ನೆನಪಿದೆಯಾ? ಅಡಿಕೆ ತೋಟ ದಾಟಿ, ಹೊಳೆ ದಾಟಿ, ಒಂಟಿ ಮನೆಗೂ ಕಂಬ ನೆಟ್ಟು ಎಳೆದ ತಂತಿ. ಸರ್ಕಾರದ ದುಡ್ಡಲ್ಲಿ, ಅಂದರೆ ನಮ್ಮದೇ ದುಡ್ಡಲ್ಲಿ ಎಳೆದದ್ದು. ಅದರ ಮೇಲೆ ನಾಲ್ಕು ಜನ ಪೈಪೋಟಿಯಲ್ಲಿ ನೆಟ್ ಕೊಡಬಹುದಿತ್ತು. ಹಾಗಾಗಲಿಲ್ಲ. ಮೊಬೈಲ್ ಬಂದ ಮೇಲೆ ಜನ ಲ್ಯಾಂಡ್‌ಲೈನ್ ಬಿಟ್ಟರು. ತಂತಿ ಕಂಬದಲ್ಲೇ ಉಳಿಯಿತು. ಹೊಸಬರಿಗೆ ಬೇರೆ ದಾರಿ ಇರಲಿಲ್ಲ, ತಮ್ಮದೇ ಹೊಸ ಕೇಬಲ್ ಎಳೆದರು. ಬೆಂಗಳೂರಿನಲ್ಲಿ ಎಳೆದರು, ಮೈಸೂರಿನಲ್ಲಿ ಎಳೆದರು, ಮರದಿಂದ ಮರಕ್ಕೆ, ಕರೆಂಟ್ ಕಂಬದಿಂದ ಕಂಬಕ್ಕೆ. ಲಾಭ ಇರುವ ಬೀದಿಯಲ್ಲಿ ಐದು ಕೇಬಲ್, ಲಾಭ ಇಲ್ಲದ ಹಳ್ಳಿಯಲ್ಲಿ ಒಂದು, ಅಥವಾ ಅದೂ ಇಲ್ಲ.

ಬನಶಂಕರಿಯಲ್ಲಿರುವ ಅಕ್ಕನ ಅಪಾರ್ಟ್‌ಮೆಂಟಿನದು ಇನ್ನೊಂದು ಕಥೆ. ಗೇಟಿನ ಹೊರಗೆ ನಾಲ್ಕು ಕಂಪನಿಯ ಕೇಬಲ್ ನೇತಾಡುತ್ತಿವೆ. ಒಳಗೆ ಬರಲು ಅನುಮತಿ ಇರುವುದು ಒಂದಕ್ಕೆ ಮಾತ್ರ. ಬಿಲ್ಡರ್ ಕಾಲದಲ್ಲೇ ಆದ ಒಪ್ಪಂದವಂತೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಅಕ್ಕ ಕೇಳಿದ್ದಕ್ಕೆ, "ಎಲ್ಲರೂ ಅದನ್ನೇ ಹಾಕಿಕೊಂಡಿದ್ದಾರಲ್ಲ ಮೇಡಂ, ನಿಮಗೊಬ್ಬರಿಗೆ ಯಾಕೆ ಬೇರೆ?" ಅಂದರಂತೆ. ನಾಲ್ಕು ಕಂಪನಿ ಇದ್ದೂ ಅಕ್ಕನಿಗೆ ಆಯ್ಕೆ ಇಲ್ಲ.

ನೆಟ್ ಅಗ್ಗ ಆಗಿದ್ದು ನಿಜ. ಅದು ಹೇಗಾಯಿತು ಅನ್ನುವುದೂ ನಮಗೆಲ್ಲ ಗೊತ್ತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಮೊಬೈಲ್ ಡೇಟಾ ದರ ನೆಲಕ್ಕಿಳಿಯಿತು. 2019ರಲ್ಲಿ ಅವರದೇ ಫೈಬರ್, ಅಂದರೆ ಗಾಜಿನೆಳೆಯ ನೆಟ್, ಬಂತು. ಮರುವರ್ಷ ತಿಂಗಳಿಗೆ 399 ರೂಪಾಯಿಗೆ ಮನೆಗೆ ನೆಟ್, ತೆರಿಗೆ ಬೇರೆ. ಬಿಎಸ್‌ಎನ್‌ಎಲ್ 449ಕ್ಕೆ ಕೊಟ್ಟಿತು. ಉಳಿದವರೂ ಇಳಿಸಿದರು. ಟ್ರಾಯ್ ಸಾಮಾನ್ಯವಾಗಿ ದರಕ್ಕೆ ಕೈ ಹಾಕುವುದಿಲ್ಲ. ಕಂಪನಿಗಳು ತಾವೇ ನಿಗದಿ ಮಾಡಿಕೊಳ್ಳಲಿ ಅಂತ ಬಿಟ್ಟಿದೆ. ಅಂದರೆ ನಮ್ಮ ಅಗ್ಗದ ನೆಟ್ ಒಂದು ಜಗಳದ ಫಲ. ಆನೆಗಳ ಜಗಳದಲ್ಲಿ ಈ ಸಲ ನಮಗೆ ಕಬ್ಬು ಸಿಕ್ಕಿತು. ಜಗಳ ಮುಗಿದ ಮೇಲೆ ಏನು? 2024ರ ಜುಲೈಯಲ್ಲಿ ಮೊಬೈಲ್ ದರ ಏರಿಸಿದಾಗ ಮೂರು ದೊಡ್ಡ ಖಾಸಗಿ ಕಂಪನಿಗಳೂ ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಏರಿಸಿದವು. ಅವತ್ತು ನಾನು ಊರಲ್ಲೇ ಇದ್ದೆ. ರೀಚಾರ್ಜ್ ಅಂಗಡಿಯ ಮುಂದೆ ಜನ ಹಳೆಯ ದರಕ್ಕೆ ವರ್ಷದ ಪ್ಯಾಕ್ ಹಾಕಿಸಿಕೊಳ್ಳಲು ನಿಂತಿದ್ದರು. ಯಾರೂ ಯಾರನ್ನೂ ಯಾಕೆ ಅಂತ ಕೇಳಲಿಲ್ಲ.

ಮತ್ತೆ ಅಣ್ಣನ ಇನ್ನೂರೈವತ್ತು ರೂಪಾಯಿಗೆ ಬರುತ್ತೇನೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಟ್ರಾಯ್ ನಿಯಮಗಳನ್ನು ಹುಡುಕಿ ಓದಿದೆ. ಓದಿ ಇನ್ನೂ ಬೇಜಾರಾಯಿತು.

ಯಾಕಂದರೆ ನಿಯಮ ಇದೆ. ಅದೂ ಇವತ್ತು ನಿನ್ನೆಯದಲ್ಲ. ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ 2006ರಲ್ಲೇ ಟ್ರಾಯ್ ನಿಯಮ ಮಾಡಿತ್ತು. ಕೆಟ್ಟ ಲೈನು ಮೂರು ಕೆಲಸದ ದಿನ ದಾಟಿಯೂ ಸರಿಯಾಗದಿದ್ದರೆ ಏಳು ದಿನದ ಬಾಡಿಗೆಯನ್ನು ಕಂಪನಿ ಮನ್ನಾ ಮಾಡಬೇಕು. ಏಳು ದಿನ ದಾಟಿದರೆ ಹದಿನೈದು ದಿನದ್ದು. ಹದಿನೈದು ದಾಟಿದರೆ ಇಡೀ ತಿಂಗಳದ್ದು. 2024ರ ಹೊಸ ನಿಯಮಗಳಲ್ಲೂ ಬಾಡಿಗೆ ಕಡಿತದ ಮಾತಿದೆ. ಇಲ್ಲಿ ಬ್ರಿಟನ್ನಿನಲ್ಲಿ ತಾನಾಗಿ ಪರಿಹಾರ ಕೊಡುವ ಪದ್ಧತಿ ಶುರುವಾದದ್ದು 2019ರ ಏಪ್ರಿಲ್ 1ಕ್ಕೆ, ದಿನಕ್ಕೆ 8 ಪೌಂಡಿನಂತೆ. ಅಂದರೆ ಬಾಡಿಗೆ ಮನ್ನಾ ಮಾಡಬೇಕು ಅನ್ನುವ ಮಾತನ್ನು ನಾವು ಇವರಿಗಿಂತ ಹದಿಮೂರು ವರ್ಷ ಮೊದಲೇ ಬರೆದಿಟ್ಟಿದ್ದೆವು!

ಬರೆದಿಟ್ಟೆವು, ಅಷ್ಟೇ. ನನಗೆ ಗೊತ್ತಿರುವ ಒಬ್ಬರೇ ಒಬ್ಬರು ಆ ದುಡ್ಡು ತಗೊಂಡಿಲ್ಲ. ಅಣ್ಣನಿಗೆ ಗೊತ್ತಿಲ್ಲ, ಅಕ್ಕನಿಗೆ ಗೊತ್ತಿಲ್ಲ, ಸಾಗರದ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೂ ಗೊತ್ತಿಲ್ಲ. ಪರಿಹಾರವನ್ನು ಗ್ರಾಹಕನೇ ಕೇಳಿ ಪಡೆಯಬೇಕು ಅಂದರೆ ಅದು ಅವನಿಗೆ ಸಿಗುವುದಿಲ್ಲ. ಕೇಳಲು ಮೊದಲು ಗೊತ್ತಿರಬೇಕು. ಗೊತ್ತಿದ್ದರೆ ಫೋನ್ ಮಾಡಿ, ಒಂದು ಒತ್ತಿ, ಎರಡು ಒತ್ತಿ, ಕಾದು, ಕಥೆ ಹೇಳಬೇಕು. ಅಷ್ಟೆಲ್ಲ ಮಾಡಿ ಸಿಗುವುದು ಇನ್ನೂರೈವತ್ತು. ಸಂಸಾರ ಇರುವವನು ಬಿಡು ಅನ್ನದೆ ಇನ್ನೇನು ಅಂದಾನು?

ಕಂಪನಿಗೂ ಇದು ಚೆನ್ನಾಗಿ ಗೊತ್ತು. ಆ ಮಳೆಯಲ್ಲಿ ನಮ್ಮ ಹಳ್ಳಿಯ ಮೂವತ್ತು ಮನೆಯ ಲೈನು ಒಟ್ಟಿಗೆ ಹೋಗಿತ್ತಂತೆ. ಒಂದೊಂದು ದಿನ ತಡವಾದಾಗಲೂ ಮೂವತ್ತು ಮನೆಗೆ ತಾನಾಗಿಯೇ ದುಡ್ಡು ಹೋಗುವ ಹಾಗಿದ್ದರೆ, ಕಚೇರಿಯಲ್ಲಿ ಕೂತವನು ಆ ಲೆಕ್ಕ ದಿನವೂ ನೋಡುತ್ತಿದ್ದ. ಹೆಚ್ಚಿಗೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಗ್ಗ ಅಂತ ಅವನಿಗೇ ತೋರುತ್ತಿತ್ತು. ಈಗ ಅವನಿಗೆ ಅಗ್ಗವಾಗಿರುವುದು, ದೂರು ಬಗೆಹರಿದಿದೆ ಅಂತ ಮೆಸೇಜ್ ಕಳಿಸುವುದು.

ಇಷ್ಟು ಬರೆದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಬೇಕು. ಮನಸ್ಸಿಲ್ಲದಿದ್ದರೂ ಒಪ್ಪಿಕೊಳ್ಳಬೇಕು, ಅಣ್ಣ ಇದನ್ನು ಓದುತ್ತಾನೆ.

ಇಲ್ಲಿನ ಪರಿಹಾರದ ಪದ್ಧತಿಗೆ ಕಂಪನಿಗಳು ತಾವಾಗಿ ಒಪ್ಪಿ ಸೇರಿವೆ. ದೊಡ್ಡವರು ಸೇರಿದ್ದಾರೆ, ಎಲ್ಲರೂ ಅಲ್ಲ. ಸೇರದ ಕಂಪನಿಯ ಗ್ರಾಹಕನಾಗಿದ್ದರೆ ನನಗೂ ಸೊನ್ನೆಯೇ. ಇಲ್ಲಿ ಎಷ್ಟೋ ಪ್ಲಾನುಗಳಿಗೆ ಒಂದು ಸಲ ಸಹಿ ಹಾಕಿದರೆ ಎರಡು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ದಂಡ. ಎರಡು ವರ್ಷದ ನಡುವೆ ದರ ಏರಿಸುವುದನ್ನೂ ಯಾರೂ ನಿಲ್ಲಿಸಿಲ್ಲ. ಹಣದುಬ್ಬರದ ಮೇಲೆ ಇಷ್ಟು ಅಂತ ಮುಸುಕಾಗಿ ಹೇಳಬೇಡಿ, ಎಷ್ಟು ಪೌಂಡ್ ಏರುತ್ತದೆ ಅಂತ ಮೊದಲೇ ತಿಳಿಸಿ ಅಂತ 2025ರ ಜನವರಿಯಿಂದ ನಿಯಮ ಆಗಿದೆ, ಅಷ್ಟೇ. ಊರಲ್ಲಿ ಅಣ್ಣ ತನಗೆ ಬೇಕಾದಷ್ಟು ತಿಂಗಳಿಗೆ ಕಟ್ಟುತ್ತಾನೆ, ಅದು ಮುಗಿದ ಮೇಲೆ ಬೇಡವಾದರೆ ಬಿಡುತ್ತಾನೆ. ಅವನು ತಿಂಗಳಿಗೆ ಕಟ್ಟುವ ದುಡ್ಡಿಗೆ ನನಗೆ ಇಲ್ಲಿ ಒಂದು ವಾರದ ನೆಟ್ಟೂ ಬರುವುದಿಲ್ಲ.

ಹಳೆಯ ತಂತಿಯನ್ನು ಹಂಚಿಕೊಂಡು ಬದುಕಿದ್ದರಿಂದಲೇ ಇಲ್ಲಿ ಮನೆ ಮನೆಗೆ ಫೈಬರ್ ಬರುವುದು ತಡವಾಯಿತು ಅನ್ನುವವರೂ ಇದ್ದಾರೆ. ಅದರಲ್ಲಿ ಸತ್ಯ ಇದೆ ಅಂತ ನನಗೂ ಅನಿಸುತ್ತದೆ. ನಮ್ಮ ಹಳ್ಳಿಯ ಮನೆಗೆ ಫೈಬರ್ ಬಂದಾಗ ಲಂಡನ್ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ನನ್ನ ಮನೆಯಲ್ಲಿ ಇನ್ನೂ ತಾಮ್ರವೇ ಇತ್ತು. ಅಪ್ಪಯ್ಯ ಫೋನ್ ಮಾಡಿ ಅದನ್ನು ಹೇಳಿದ್ದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ಇರಲೇಬೇಕಾದ ಹೆಮ್ಮೆ.

ಇನ್ನೊಂದಿದೆ. ಇದನ್ನು ಬರೆಯದೆ ಇರಲು ಆಗುವುದಿಲ್ಲ. ಹನ್ನೆರಡನೇ ದಿನ ರಾತ್ರಿ ಒಂಬತ್ತಕ್ಕೆ ಕೇಬಲ್ ಹುಡುಗ ಬಂದನಂತೆ. ಜಡಿಮಳೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಹಣೆಗೆ ಟಾರ್ಚು. ಬೈಕಿನಲ್ಲಿ ಏಣಿ ಕಟ್ಟಿಕೊಂಡು ಬಂದಿದ್ದ. ಹೊಳೆಯ ಆಚೆ ದೂಪದ ಮರದ ಕೊಂಬೆ ಬಿದ್ದು ಕೇಬಲ್ ಹರಿದಿತ್ತು. ಅಣ್ಣ ಕೊಡೆ ಹಿಡಿದು ನಿಂತ. ಜಾಯಿಂಟ್ ಮಾಡುವ ಮೆಷಿನ್‌ಗೆ ನೀರು ತಾಗಬಾರದು ಅಂತ ಹುಡುಗ ತನ್ನ ಕೊಪ್ಪೆ ತೆಗೆದು ಮೆಷಿನ್ ಮೇಲೆ ಹೊದಿಸಿ, ತಾನು ನೆನೆಯುತ್ತಾ ಕೂತು ಕೂದಲೆಳೆಯಂಥ ಎರಡು ತುದಿಗಳನ್ನು ಸೇರಿಸಿದ. ಮೂವತ್ತು ಮನೆಗೆ ಒಬ್ಬನೇ ಅಲ್ಲ, ಸುತ್ತಿನ ಏಳು ಹಳ್ಳಿಗೆ ಅವನೊಬ್ಬನೇ. ಹನ್ನೊಂದು ದಿನವೂ ಅವನು ಸುಮ್ನೆ ಕೂತಿರಲಿಲ್ಲ. ಉಳಿದ ಆರು ಹಳ್ಳಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ. ಅವನಿಗೆ ಎರಡು ತಿಂಗಳಿಂದ ಸಂಬಳ ಸರಿಯಾಗಿ ಬಂದಿಲ್ಲವಂತೆ. ಅಮ್ಮ ಒಲೆಯ ಮುಂದೆ ಕೂರಿಸಿ ಟವೆಲ್ ಕೊಟ್ಟು, ಬಿಸಿ ಕಾಫಿ ಕೊಟ್ಟು, ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣು ಚೀಲಕ್ಕೆ ಹಾಕಿದರಂತೆ.

ರೆಡಿಂಗಿನಲ್ಲಿ ನನ್ನ ಲೈನು ಸರಿಮಾಡಿದವನ ಮುಖವನ್ನೂ ನಾನು ನೋಡಿಲ್ಲ. ಅದನ್ನು ನೆನೆದಾಗ ನನಗೆ ಊರಿನ ಒಲೆಯ ಹೊಗೆಯ ವಾಸನೆ ಬರುತ್ತದೆ, ವಾದ ಮಾಡುವ ಶಕ್ತಿ ಅರ್ಧ ಹೋಗುತ್ತದೆ. ಆದರೂ ಉಳಿದರ್ಧ ಶಕ್ತಿಯಲ್ಲಿ ಹೇಳುತ್ತೇನೆ: ಆ ಹುಡುಗನ ಒಳ್ಳೆಯತನದ ಮೇಲೆ ಕಂಪನಿ ಬದುಕುತ್ತಿದೆ. ಅಮ್ಮನ ಕಾಫಿಯ ಮೇಲೆ ಬದುಕುತ್ತಿದೆ. ಅಣ್ಣನ "ಬಿಡು" ಮೇಲೆ ಬದುಕುತ್ತಿದೆ. ತಡವಾದ ದಿನಕ್ಕೆ ಕಂಪನಿ ದುಡ್ಡು ತೆರಬೇಕಾಗಿದ್ದರೆ ಏಳು ಹಳ್ಳಿಗೆ ಒಬ್ಬನೇ ಹುಡುಗ ಇರುತ್ತಿರಲಿಲ್ಲ, ಅವನ ಸಂಬಳವೂ ನಿಲ್ಲುತ್ತಿರಲಿಲ್ಲ.

ಟ್ರಾಯ್ ಹೊಸದಾಗಿ ಏನೂ ಬರೆಯಬೇಕಾಗಿಲ್ಲ. ಇರುವ ನಿಯಮಕ್ಕೆ ಒಂದು ಮಾತು ಸೇರಿಸಿದರೆ ಸಾಕು: ಗ್ರಾಹಕ ಕೇಳಲಿ ಬಿಡಲಿ, ಮುಂದಿನ ರೀಚಾರ್ಜ್‌ಗೆ ಅಷ್ಟು ದಿನ ತಾನಾಗಿ ಸೇರಬೇಕು. ಲೈನು ಯಾವಾಗ ಹೋಯಿತು, ಯಾವಾಗ ಬಂತು ಅಂತ ಕಂಪನಿಯ ಮೆಷಿನ್‌ಗೆ ನಿಮಿಷ ನಿಮಿಷಕ್ಕೂ ಗೊತ್ತಿರುತ್ತದೆ. ದುಡ್ಡು ಮುಗಿದ ಮರುಕ್ಷಣ ನೆಟ್ ನಿಲ್ಲಿಸಲು ಬರುವ ಮೆಷಿನ್‌ಗೆ, ಹೋದ ದಿನಗಳನ್ನು ಕೊನೆಗೆ ಸೇರಿಸಲು ಬಾರದೇ? ಇನ್ನೊಂದು, ಪಂಚಾಯಿತಿಯವರೆಗೆ ಸರ್ಕಾರದ ದುಡ್ಡಲ್ಲಿ ಎಳೆಯುವ ಫೈಬರ್ ಮೇಲೆ ಯಾರು ಬೇಕಾದರೂ ಒಂದೇ ದರಕ್ಕೆ ನೆಟ್ ಮಾರುವ ಹಾಗಿರಬೇಕು, ಅದೂ ಕಾಗದದ ಮೇಲಲ್ಲ, ನಮ್ಮ ಹಳ್ಳಿಯಲ್ಲಿ. ತಾಮ್ರದಲ್ಲಿ ಆದ ತಪ್ಪು ಗಾಜಿನಲ್ಲಿ ಆಗಬಾರದು.

ಭಾನುವಾರ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. ಟ್ರಾಯ್ ಒಬ್ಬೊಬ್ಬರ ದೂರನ್ನು ನೇರವಾಗಿ ತಗೊಳ್ಳುವುದಿಲ್ಲ. ಮೊದಲು ಕಂಪನಿಗೆ ದೂರು, ಅದು ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ. ಮೂವತ್ತು ದಿನದೊಳಗೆ ಮನವಿ ಕೊಡಬೇಕು, ಮೂವತ್ತೊಂಬತ್ತು ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಇದನ್ನೆಲ್ಲ ಹೇಳಿದೆ. ಅಣ್ಣ ಬೇಡ ಅಂದ. ಅತ್ತಿಗೆ ಹಿಂದಿನಿಂದ, "ಕೊಡ್ರೀ, ಹನ್ನೊಂದು ದಿನ ಗುಡ್ಡ ಹತ್ತಿದವಳು ನಾನು" ಅಂದಳು. ಮನವಿಯನ್ನು ನಾನೇ ಕನ್ನಡದಲ್ಲಿ ಬರೆದು ಕಳಿಸಿದೆ. ಮೂರು ದೂರಿನ ನಂಬರು, ತಾರೀಖು, ಕೆಂಪು ಲೈಟಿನ ಫೋಟೋ, ಎಲ್ಲ ಸೇರಿಸಿ ಅಣ್ಣ ಕಳಿಸಿದ. ಪಕ್ಕದ ಮನೆಯವರಿಗೂ ಅದನ್ನೇ ಹೆಸರು ಬದಲಾಯಿಸಿ ಕೊಟ್ಟನಂತೆ. ನಿನ್ನೆ ರಾತ್ರಿಯ ಹೊತ್ತಿಗೆ ನಮ್ಮ ಹಳ್ಳಿಯಿಂದ ಒಂಬತ್ತು ಮನವಿ ಹೋಗಿವೆ.

"ಲೆಕ್ಕ ಹಾಕಿದೆ," ಅಂದ ಅಣ್ಣ. "ಚೌತಿ ಹೊತ್ತಿಗೆ ಉತ್ತರ ಬರಬೇಕು."